ಅಣ್ಣನ ಸಿಮ್ಯುಲೇಶನ್, ಅವ್ವನ ಹೂವು

ಅವ್ವನ ಎದೆಯಲ್ಲಿ ಗಂಟು ಸಿಕ್ಕ ತಿಂಗಳೇ ನಮ್ಮಣ್ಣನಿಗೆ ಈ ಜಗತ್ತು ನಿಜವಲ್ಲ ಎಂದು ಗೊತ್ತಾಯಿತು. ಐವತ್ತಾರು ವರ್ಷ ಇದನ್ನು ನಿಜವೆಂದೇ ನಂಬಿ, ಉಂಡು ತಿಂದು, ಮನೆ ಕಟ್ಟಿಸಿ, ಸಕ್ಕರೆ ಕಾಯಿಲೆಯನ್ನೂ ಬರಿಸಿಕೊಂಡವನು ಅವನು. ಆಸ್ಪತ್ರೆಗೆ ಓಡಾಡುವ ಕೆಲಸ ಬಿದ್ದ ಕೂಡಲೇ ಎಲ್ಲವೂ ಕಂಪ್ಯೂಟರಿನ ಆಟವಾಗಿಬಿಟ್ಟಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಣ್ಣ ದಾವಣಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾನೆ. ಮನೆ ಆನೆಕೊಂಡದ ಕಡೆ. ನಾನು ಹರಿಹರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮದುವೆಯಾಗಲಿಲ್ಲ, ಅದರ ಬಗ್ಗೆ ಬೇಜಾರೂ ಇಲ್ಲ. ದಾವಣಗೆರೆಯದೇ ವಿದ್ಯಾನಗರದ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಬೆಳಗ್ಗೆ ಎಂಟೂವರೆ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುತ್ತೇನೆ. ಅವ್ವನಿಗೆ ಎಪ್ಪತ್ತೇಳು, ಆದರೂ ಅಡುಗೆಮನೆ ಅವಳದೇ. ನಾನು ಒಳಗೆ ಕಾಲಿಟ್ಟರೆ ಒಗ್ಗರಣೆ ಸೀದುಹೋಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ.

ಗಂಟು ಸಿಕ್ಕಿದ್ದು ಬಲಗಡೆ. ಅದನ್ನು ಅವಳು ಎಷ್ಟು ದಿನ ಮುಚ್ಚಿಟ್ಟಿದ್ದಳೋ ಆ ಶಿವನಿಗೇ ಗೊತ್ತು. ಪರೀಕ್ಷೆಯ ಕಾಗದ ಬಂದ ದಿನ ಡಾಕ್ಟರು ಸುತ್ತಿಬಳಸದೆ ಹೇಳಿದರು.

"ನೋಡ್ರಿ, ಸಣ್ಣದಿದ್ದಾಗ್ಲೇ ಸಿಕ್ಕೈತೆ, ನಿಮ್ಮ ಪುಣ್ಯ. ತಿಂಗಳೊಳಗೆ ಆಪರೇಶನ್ ಮಾಡಿಸಿಬಿಡ್ರಿ. ಬಿಟ್ರೆ ಹಬ್ತೈತೆ, ಆಮೇಲೆ ನನ್ನ ಕೈಲಿ ಏನೂ ಇರಲ್ಲ. ಆದ್ಮೇಲೆ ಒಂದಷ್ಟು ತಿಂಗಳು ಬಲಗೈ ಎತ್ತಾಕ ಆಗಲ್ಲ. ನೋಡ್ಕೊಳ್ಳೋರು ಯಾರದಾರೆ ಮನೇಲಿ?"

"ನಾನೇ" ಎಂದೆ. ಅವ್ವ ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ನಮ್ಮ ದೇವರನ್ನ ಒಂದು ಮಾತು ಕೇಳಿ ಬರ್ತೀನಿ ಸಾಹೇಬ್ರೆ" ಎಂದಳು. ಡಾಕ್ಟರು ನನ್ನ ಕಡೆ ನೋಡಿ ಹುಬ್ಬೇರಿಸಿದರು. ನಾನು ನೆಲ ನೋಡಿದೆ. ಮಕ್ಕಳಿಗೆ ಗುರುತ್ವಾಕರ್ಷಣೆ ಹೇಳಿಕೊಡುವವಳ ಅವ್ವ, ಕ್ಯಾನ್ಸರಿಗೆ ಹೂವು ಕೇಳಲು ಹೊರಟಿದ್ದಳು.

ಹೂವು ಕೇಳುವುದೆಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೇವರ ಮೈಮೇಲೆ ಎಡಕ್ಕೂ ಬಲಕ್ಕೂ ಒದ್ದೆ ಹೂವು ಅಂಟಿಸುತ್ತಾರೆ. ಕೇಳುವವರು ಕೈಮುಗಿದು ಮನಸ್ಸಿನಲ್ಲೇ ಪ್ರಶ್ನೆ ಇಡಬೇಕು. ಬಾಯಿಬಿಟ್ಟು ಯಾರಿಗೂ ಹೇಳುವಂತಿಲ್ಲ. ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೆಣ್ಣು ನೋಡುವುದು, ಬೋರು ಕೊರೆಸುವುದು, ಅಂಗಡಿ ತೆಗೆಯುವುದು, ಎಲ್ಲಕ್ಕೂ ಅವ್ವನ ತವರು ಕೊಕ್ಕನೂರಿನವರು ಹೊಲದಂಚಿನ ಸಣ್ಣ ಗುಡಿಯ ಈರಭದ್ರನನ್ನು ಹೀಗೇ ಕೇಳುತ್ತಾರೆ. ನನ್ನ ಮದುವೆಗೂ ಮೂರು ಸಲ ಕೇಳಿದ್ದರು. ಮೂರು ಸಲವೂ ಎಡಕ್ಕೇ ಬಿತ್ತು. ಆ ಒಂದು ವಿಷಯದಲ್ಲಿ ಮಾತ್ರ ನಾನು ಆ ದೇವರಿಗೆ ಋಣಿ.

ಅವ್ವನಿಗೆ ನೀನಾದರೂ ಬುದ್ಧಿ ಹೇಳು ಎಂದು ಅಣ್ಣನನ್ನು ಕರೆಸಿದೆ. ಭಾನುವಾರ ಬೆಳಗ್ಗೆ ಬಂದ. ಮಂಡಕ್ಕಿ ಒಗ್ಗರಣೆ ಎರಡು ತಟ್ಟೆ ತಿಂದ. ತಿಂದು ಕೈ ಒರೆಸಿಕೊಂಡು, ಅವರೆಕಾಯಿ ಬಿಡಿಸುತ್ತಿದ್ದ ಅವ್ವನ ಮುಂದೆ ಕುರ್ಚಿ ಎಳೆದುಕೊಂಡ. ಈಗ ಆಪರೇಶನ್ ವಿಷಯ ತೆಗೆಯುತ್ತಾನೆ ಎಂದುಕೊಂಡೆ.

"ಅವ್ವ, ಕನಸು ಬಿದ್ದಾಗ ಅದು ಕನಸು ಅಂತ ನಿನಗೆ ಗೊತ್ತಾಗ್ತೈತಾ?"

"ಇಲ್ಲಪ್ಪ."

"ಇದೂ ಹಂಗೆ. ಮುಂದೆ ಒಂದಿನ ಕಂಪ್ಯೂಟರ್ ಒಳಗೆ ಒಂದಿಡೀ ಜಗತ್ತನ್ನೇ ಮಾಡಿ ಇಡ್ತಾರೆ. ಅದರಾಗಿನ ಜನ ಉಣ್ತಾರೆ, ಜಗಳ ಆಡ್ತಾರೆ, ಸಾಯ್ತಾರೆ. ತಾವು ಕಂಪ್ಯೂಟರಿನಾಗ ಅದೀವಿ ಅಂತ ಅವರಿಗೆ ಗೊತ್ತೇ ಇರಲ್ಲ. ಸಿಮ್ಯುಲೇಶನ್ ಅಂತಾರೆ ಅದಕ್ಕೆ. ಅಂಥವು ಲಕ್ಷಗಟ್ಟಲೆ ಜಗತ್ತು ಇದ್ದು, ಅಸಲಿ ಒಂದೇ ಒಂದು ಇತ್ತು ಅಂತ ಇಟ್ಕೋ. ನಾವು ಆ ಅಸಲಿದರಾಗೇ ಅದೀವಿ ಅಂತ ಹೆಂಗೆ ಹೇಳ್ತೀಯ?"

ಅವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅಂದ್ರೆ ನಮ್ಮನ್ನ ಯಾರೋ ಮಾಡಿ ಇಟ್ಟಾರೆ."

"ಹೂಂ."

"ಮ್ಯಾಲೆ ಕುಂತು ನೋಡ್ತಾರೆ."

"ನೋಡ್ತಿರಬಹುದು."

"ನಮ್ಮ ಕಣ್ಣಿಗೆ ಕಾಣಲ್ಲ."

"ಕಾಣಲ್ಲ."

"ಇದನ್ನ ಹೇಳಾಕ ನೀನು ಅಷ್ಟೆಲ್ಲ ಓದಬೇಕಾಗಿತ್ತೇನಪ್ಪಾ?"

ಅಣ್ಣ ಕುರ್ಚಿಯ ತುದಿಗೆ ಬಂದ. "ಅದು ದೇವರಲ್ಲ ಅವ್ವ! ಅವನು ಒಳ್ಳೆಯೋನೇ ಆಗಿರಬೇಕಂತ ಏನೂ ಇಲ್ಲ. ನಮ್ಮಂಗೆ ಯಾವನೋ ಒಬ್ಬ. ಹೊತ್ತು ಹೋಗಲಿ ಅಂತ ಮಾಡಿರಬಹುದು. ಮಾಡಿ ಮರ್ತೂ ಇರಬಹುದು."

"ಅವನನ್ನ ಮಾಡ್ದೋನು ಯಾರು?"

"ಅವನೂ ಇನ್ನೊಬ್ಬನ ಕಂಪ್ಯೂಟರಿನಾಗ ಇರಬಹುದು. ಅವನ ಮ್ಯಾಲೆ ಇನ್ನೊಬ್ಬ."

"ನೋಡಪ್ಪ, ನನಗೆ ಒಬ್ಬ ದೇವರಿಗೆ ದೀಪ ಹಚ್ಚೋದೇ ಸಾಕಾಗೈತೆ. ದೇವರಿಲ್ಲ ದೇವರಿಲ್ಲ ಅಂತ ಕಾಲೇಜಿಗೆ ಹೋದಾಗಿಂದ ಹೇಳಿ, ಈಗ ಒಂದರ ಮ್ಯಾಲೊಂದು ನಾಕು ಮಂದಿ ಕುಂದ್ರಿಸಿದೀಯಲ್ಲೋ."

ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ. ತಿಂಗಳಲ್ಲಿ ಒಂದು ವಾರ ಕಳೆದಿತ್ತು. ಅಣ್ಣನ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಬಸ್ಸಿನಲ್ಲಿ ಕೂತು ನಾನೂ ಯೋಚಿಸಿದ್ದೇನೆ, ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ನನಗೂ ಆಗಲಿಲ್ಲ. ಆದರೆ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡಲಾಗದ್ದನ್ನು ಇಟ್ಟುಕೊಂಡು ನಾನು ಏನು ಮಾಡಲಿ? ಜಗತ್ತು ಸಿಮ್ಯುಲೇಶನ್ ಆದರೆ ಗಂಟೂ ಸಿಮ್ಯುಲೇಶನ್, ಡಾಕ್ಟರ ಚಾಕುವೂ ಸಿಮ್ಯುಲೇಶನ್. ಆ ಚಾಕುವಿನಿಂದ ಆ ಗಂಟು ಕೊಯ್ಯಲಿ, ಮುಗಿಯಿತು. ದೇವರು ಮಾಡಿದ್ದಾದರೂ ಅಷ್ಟೇ. ಇಷ್ಟು ಸರಳ ಮಾತು ಈ ಇಬ್ಬರಿಗೂ ತಿಳಿಯುವುದಿಲ್ಲವಲ್ಲ ಎಂದು ಅವತ್ತು ಮಧ್ಯಾಹ್ನವಿಡೀ ಪಾತ್ರೆ ಕುಕ್ಕಿ ಕುಕ್ಕಿ ತೊಳೆದೆ.

ಕೊನೆಗೆ ಗೆದ್ದವಳು ಅವ್ವನೇ. ಮಾರನೇ ದಿನ, ಸೋಮವಾರ, ರಜೆ ಹಾಕಿದೆ. ಅಣ್ಣ ಕಾರು ತಂದ. ಕೊಕ್ಕನೂರು ಮುಟ್ಟುವವರೆಗೂ ಅವನು ಇದು ಬರೀ ಆಕಸ್ಮಿಕ, ಐವತ್ತಕ್ಕೆ ಐವತ್ತು ಎಂದು ಹೇಳುತ್ತಲೇ ಇದ್ದ. ಅವ್ವ ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಾ ಕೂತಿದ್ದಳು. ಗುಡಿಯ ಸ್ವಾಮಿಗಳು "ಬರ್ರಿ ಬರ್ರಿ, ಕೂಡ್ರಿ" ಎಂದು ಚಾಪೆ ಹಾಸಿದರು. ಅವರು ಹೂವು ಅಂಟಿಸುತ್ತಿದ್ದಂತೆ ಅಣ್ಣ ಎದ್ದುಹೋಗಿ ಗರ್ಭಗುಡಿಯ ಬಾಗಿಲಲ್ಲಿ ತಿರುಗುತ್ತಿದ್ದ ಫ್ಯಾನಿನ ಸ್ವಿಚ್ ಆರಿಸಿದ.

"ಯಾಕ್ರೀ ಸರ, ಸೆಖೆ ಆಗ್ತೈತಲ್ಲ" ಎಂದರು ಸ್ವಾಮಿಗಳು.

"ಗಾಳಿಗೆ ಬಿದ್ರೆ ಲೆಕ್ಕ ಅಲ್ಲ ಸ್ವಾಮೇರೆ. ಪ್ರಯೋಗ ಅಂದಮ್ಯಾಲೆ ನ್ಯಾಯವಾಗಿ ಆಗಬೇಕು" ಎಂದ.

ಜಗತ್ತೇ ಸುಳ್ಳು ಎನ್ನುವವನು ಅದರೊಳಗಿನ ಫ್ಯಾನಿಗೆ ಹೆದರಿದ್ದನ್ನು ನೋಡಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವ್ವ ಕಣ್ಣುಮುಚ್ಚಿ ಕೈಮುಗಿದಳು. ತುಟಿ ಅಲ್ಲಾಡುತ್ತಿತ್ತು. ಬೆವರು ಸುರಿಸುತ್ತಾ ಎಲ್ಲರೂ ಕಾದೆವು. ನಾನು ಯಾವ ದೇವರಿಗೂ ಬೇಡಿಕೊಳ್ಳುವವಳಲ್ಲ. ಆದರೂ ಅವತ್ತು ಬಲಗಡೆಯ ಆ ಸೇವಂತಿಗೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಬೀಳು, ಬೀಳು, ನಿನ್ನ ಕಾಲಿಗೆ ಬೀಳುತ್ತೇನೆ ಬೀಳು ಎಂದುಕೊಳ್ಳುತ್ತಿದ್ದೆ. ಬಿತ್ತು. ಬಲಕ್ಕೇ ಬಿತ್ತು.

"ಕೊಟ್ಟ ನೋಡ್ರಿ!" ಎಂದರು ಸ್ವಾಮಿಗಳು. ಅಣ್ಣ ನನ್ನ ಭುಜ ತಟ್ಟಿ ಹೊರಗೆ ಹೋಗಿ ಡಾಕ್ಟರಿಗೆ ಫೋನು ಹಚ್ಚಿದ. ಅವ್ವ ಮಾತ್ರ ಬಿದ್ದ ಹೂವನ್ನು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸುಮ್ಮನೆ ಎದ್ದಳು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಆಪರೇಶನ್ ಈಗ್ಲೇ ಬ್ಯಾಡ" ಎಂದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ. ನಮ್ಮ ಮನೆಯಲ್ಲಿ ದೇವರೂ ಕೊಟ್ಟ, ಪೂಜಾರಿಯೂ ಕೊಟ್ಟ, ಬೇಡಿಕೊಂಡವಳೇ ಒಲ್ಲೆ ಎಂದು ಕೂತಳು. "ನಿನ್ನ ದೇವರೇ ಹೌದು ಅಂತು, ಇನ್ನೇನು ಬೇಕು?" ಎಂದು ಕೂಗಾಡಿದೆ. "ಹೌದು ಅಂದಿದ್ದಕ್ಕೇ" ಎಂದಳು. ಇದೆಂಥ ಉತ್ತರ? ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎರಡು ವಾರ ಹೇಳಿದ್ದನ್ನೇ ಹೇಳಿದೆ.

ಆ ಎರಡು ವಾರ ಅವಳು ಮನೆಯನ್ನೂ ಒಂದು ಹದದಲ್ಲಿ ಇಡಲಿಲ್ಲ. ಸಂಜೆ ಬಂದರೆ ಅಡುಗೆಮನೆಯ ನೆಲದ ಮೇಲೆ ಅಕ್ಕಿ ಚೆಲ್ಲಿರುತ್ತಿತ್ತು. ಎರಡು ಕಪ್ಪು ಒಡೆದವು. ಹೊಸ್ತಿಲ ರಂಗೋಲಿ ಕೋಳಿ ಕೆದರಿದ ಹಾಗಿರುತ್ತಿತ್ತು. ತಲೆಯ ಬೈತಲೆ ಸೊಟ್ಟ. ಬೆಳಗ್ಗೆ ನಾನಿರುವಾಗಲೇ ಮುಗಿಸುತ್ತಿದ್ದ ಲಿಂಗಪೂಜೆಯನ್ನು "ನೀನು ಹೋಗು, ಆಮ್ಯಾಲೆ ಮಾಡ್ಕಂತೀನಿ" ಎಂದು ಮುಂದಕ್ಕೆ ಹಾಕತೊಡಗಿದಳು. ಅರಳುಮರಳೂ ಶುರುವಾಯಿತೋ ಏನೋ ಎಂದು ಹೆದರಿ, ಹೆದರಿದಷ್ಟೂ ರೇಗಿದೆ.

ಅಷ್ಟರಲ್ಲಿ ಅಣ್ಣ ಇನ್ನೊಂದು ಘನಕಾರ್ಯ ಮಾಡಿದ. ನಾನಿಲ್ಲದಾಗ ಬಂದು ಅವ್ವನಿಗೆ ಧೈರ್ಯ ಹೇಳಲು ಹೋಗಿ, ಸಾವು ಅಂಥ ದೊಡ್ಡದಲ್ಲ, ಆಟದಿಂದ ಒಂದು ಗೊಂಬೆ ಹೊರಗೆ ಬಂದ ಹಾಗೆ ಅಷ್ಟೇ, ಹೆದರಬೇಡ ಎಂದು ಹೇಳಿ ಹೋಗಿದ್ದ. ಸಂಜೆ ನಾನು ಆಪರೇಶನ್ ಮಾತೆತ್ತಿದರೆ ಅವ್ವ, "ನಾನು ಗೊಂಬೆ ಅಂತೆ. ಗೊಂಬೆಗ್ಯಾಕವ್ವ ಆಪರೇಶನ್?" ಎಂದಳು.

ಮಾರನೇ ದಿನ ಹರಿಹರದಿಂದ ಬಂದವಳು ಮನೆಗೆ ಹೋಗದೆ ನೆಟ್ಟಗೆ ಅವನ ಕಾಲೇಜಿಗೇ ಹೋದೆ. ಪಾರ್ಕಿಂಗಿನಲ್ಲಿ ಸಿಕ್ಕ. ವಿದ್ಯಾರ್ಥಿಗಳು ಓಡಾಡುತ್ತಿದ್ದರು. ನನಗೆ ಅದರ ಪರಿವೆ ಇರಲಿಲ್ಲ.

"ಯಾವ ಬಾಯಲ್ಲಿ ಹೇಳ್ದೆ ಅಣ್ಣ ಅದನ್ನ? ಅವ್ವ ಗೊಂಬೇನಾ? ಇನ್ನೊಂದು ವಾರ ಐತೆ ಅಷ್ಟೇ. ನಿನ್ನ ಕಂಪ್ಯೂಟರ್ ದೇವರು ಬಂದು ಆಪರೇಶನ್ ಮಾಡ್ತಾನಾ?"

ಅವನು ಕಾರಿನ ಬಾಗಿಲು ಹಿಡಿದು ನಿಂತಿದ್ದ. ವಾದ ಮಾಡುತ್ತಾನೆ ಎಂದು ಸಿದ್ಧಳಾಗಿದ್ದೆ. ಮಾಡಲಿಲ್ಲ.

"ನೀನು ದಿನಾ ಅವಳ ಜೊತೆ ಇರ್ತೀಯ" ಎಂದ. "ಸಿಟ್ಟು ಬಂದ್ರೆ ಬೈತೀಯ, ಕೂಗ್ತೀಯ. ನನಗೆ ಅದೂ ಬರಲ್ಲ. ಆ ರಿಪೋರ್ಟ್ ನೋಡಿದಾಗಿಂದ ಪಾಠ ಮಾಡಾಕ ನಿಂತ್ರೆ ಬಾಯಿ ಒಣಗ್ತೈತೆ. ಇದೆಲ್ಲ ಸುಳ್ಳು ಅನ್ಕೊಂಡ್ರೆ ಒಂದು ತಾಸು ನಿದ್ದೆ ಬರ್ತೈತೆ. ಅಷ್ಟೇ ಕಣೆ."

ಕನ್ನಡಕ ತೆಗೆದು ಒರೆಸತೊಡಗಿದ. ನನಗೆ ಪಾಪ ಎನಿಸಿತು, ಎನಿಸಿದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು. ಬೈಯುವುದಕ್ಕೆ ಇದ್ದವನು ಅವನೊಬ್ಬ, ಅವನೂ ಹೀಗೆ ಕಣ್ಣೀರು ಹಾಕಿದರೆ ನಾನು ಯಾರನ್ನು ಬೈಯಲಿ? ದೇವರನ್ನು ನಂಬುವ ಅವ್ವನ ಮೇಲೆ ನಗುತ್ತಿದ್ದವನು, ಅವಳು ದೇವರ ಹತ್ತಿರ ಹೋದದ್ದು ಯಾತಕ್ಕೋ ಅದಕ್ಕೇ ತನ್ನ ಸಿಮ್ಯುಲೇಶನ್ ಹತ್ತಿರ ಹೋಗಿದ್ದ. "ಭಾನುವಾರ ಬಾ, ಇಬ್ಬರೂ ಕೂಡಿ ಹೇಳೋಣ" ಎಂದು ಬಂದೆ.

ಭಾನುವಾರದ ತನಕ ಕಾಯಬೇಕಾಗಲಿಲ್ಲ. ಶುಕ್ರವಾರ ಬೆಳಗ್ಗೆ ಬಸ್ ನಿಲ್ದಾಣದವರೆಗೂ ಹೋದ ಮೇಲೆ ತಿದ್ದಿದ ಉತ್ತರ ಪತ್ರಿಕೆಗಳ ಕಟ್ಟು ಮನೆಯಲ್ಲೇ ಉಳಿದದ್ದು ನೆನಪಾಯಿತು. ನನ್ನನ್ನು ನಾನೇ ಬೈದುಕೊಂಡು ಆಟೋ ಹಿಡಿದು ವಾಪಸು ಬಂದೆ. ನನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಹೋದರೆ ಅವ್ವ ದೇವರ ಜಗುಲಿಯ ಮುಂದೆ ಪೂಜೆಗೆ ಕೂತಿದ್ದಳು. ಕಿವಿ ಸ್ವಲ್ಪ ಮಂದ, ನಾನು ಬಂದದ್ದು ಕೇಳಿಸಲಿಲ್ಲ.

ನಮ್ಮಲ್ಲಿ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ವಿಭೂತಿ ಹಚ್ಚಿ ಪತ್ರೆ ಏರಿಸಿ ಪೂಜೆ ಮಾಡುತ್ತಾರೆ. ಎಡಗೈಯಲ್ಲಿ ದೇವರಿಗಿರಲಿ, ಪಕ್ಕದ ಮನೆಯವರಿಗೆ ಒಂದು ಲೋಟ ನೀರನ್ನೂ ಕೊಡುವಂತಿಲ್ಲ. ಸಣ್ಣವಳಿದ್ದಾಗ ಎಡಗೈ ಚಾಚಿದ್ದಕ್ಕೆ ಅವ್ವನಿಂದ ನಾನು ತಿಂದ ಏಟುಗಳಿಗೆ ಲೆಕ್ಕವಿಲ್ಲ. ಆ ಅವ್ವ ಬಲಗೈಯನ್ನು ತೊಡೆಯ ಮೇಲೆ ಅಲ್ಲಾಡಿಸದೆ ಇಟ್ಟು, ಆ ಅಂಗೈಯಲ್ಲಿ ಲಿಂಗವಿಟ್ಟುಕೊಂಡಿದ್ದಳು. ಪಳಗದ ಎಡಗೈಯ ಬೆರಳುಗಳಿಂದ ವಿಭೂತಿ ಹಚ್ಚುತ್ತಿದ್ದಳು. ಅರ್ಧ ವಿಭೂತಿ ಸೀರೆಯ ಮೇಲೆ ಉದುರಿತ್ತು. ಪತ್ರೆ ಎರಡು ಸಲ ಜಾರಿ ಬಿತ್ತು. ಮೂರನೇ ಸಲ ನಿಂತಿತು. "ತಪ್ಪಾತಪ್ಪ, ಹೊಟ್ಟೆಗೆ ಹಾಕ್ಕೋ" ಎಂದು ಲಿಂಗಕ್ಕೆ ಹೇಳಿದಳು.

ಚೆಲ್ಲಿದ ಅಕ್ಕಿ, ಒಡೆದ ಕಪ್ಪು, ಸೊಟ್ಟ ಬೈತಲೆ, ಎಲ್ಲವೂ ಒಟ್ಟಿಗೇ ನನಗೆ ಅರ್ಥವಾದವು. ಅವಳ ಪಕ್ಕ ಕೂತುಬಿಟ್ಟೆ. ಅವಳು ಬೆಚ್ಚಿ ಲಿಂಗವನ್ನು ಎದೆಗೆ ಒತ್ತಿಕೊಂಡಳು.

"ಏನವ್ವ ಇದು? ಎಷ್ಟು ದಿನದಿಂದ ನಡದೈತೆ?"

ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು. "ಡಾಕ್ಟರ್ ಬಲಗೈ ಬರಲ್ಲ ಅಂದ್ರಲ್ಲ. ಎಡಗೈಲಿ ಎಲ್ಲ ಮಾಡಾಕ ಕಲ್ತು ಆಮ್ಯಾಲೆ ಹೋಗೋಣ ಅಂತಿದ್ದೆ. ಅನ್ನ ಬಸಿಯೋದು ಬಂತು. ತಲೆ ಬಾಚೋದು ಬಂತು. ಸೀರೆ ನೆರಿಗೆ ಹಿಡಿಯೋದೊಂದು ಬರವಲ್ದು."

"ಅದಕ್ಕೆ ಆಪರೇಶನ್ ಬ್ಯಾಡ ಅಂದ್ಯಾ? ದೇವರೇ ಮಾಡಿಸ್ಕೋ ಅಂದಮೇಲೂ?"

"ನಾನು ಅದನ್ನ ಕೇಳ್ಲೇ ಇಲ್ಲ ಕಣವ್ವ." ವಿಭೂತಿಯ ಬೆರಳನ್ನು ಸೀರೆಗೆ ಒರೆಸಿಕೊಂಡಳು. "ಆಪರೇಶನ್ ಮಾಡಿಸ್ಕೋಬೇಕು ಅಂತ ನನಗೂ ಗೊತ್ತೈತೆ, ಅದನ್ನ ಅವನನ್ನ ಯಾಕ ಕೇಳ್ಲಿ? ಮಾಡಿಸ್ಕೊಂಡ್ರೆ ನನ್ನ ಮಗಳಿಗೆ ಹೊರೆ ಆಗ್ತೀನಾ ಅಂತ ಕೇಳ್ದೆ. ಬಲಕ್ಕೆ ಕೊಟ್ಟ."

ಅಪ್ಪ ಲಕ್ವ ಹೊಡೆದು ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಎತ್ತಿ ಕೂರಿಸಿ, ತೊಳೆದು ಬಳಿದು ಎಲ್ಲ ಮಾಡಿದವಳು ಅವ್ವ ಒಬ್ಬಳೇ. ಹೊರೆ ಎಂದರೆ ಏನೆಂದು ಈ ಮನೆಯಲ್ಲಿ ಅವಳಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿಲ್ಲ. ನಾವು ಎರಡು ವಾರದಿಂದ, ಮೇಲೆ ಕೂತವನು ದೇವರೋ ಕಂಪ್ಯೂಟರಿನವನೋ, ಒಳ್ಳೆಯವನೋ ಮರೆತವನೋ ಎಂದು ಬಡಿದಾಡುತ್ತಿದ್ದೆವು. ಅವನು ಹೌದು ಎಂದದ್ದನ್ನು ಇವಳು ಕೇಳಿಸಿಕೊಂಡು ಬಂದು, ಅವನ ಮಾತನ್ನು ಸುಳ್ಳು ಮಾಡಲು ದಿನಾ ಹಟ ಹಿಡಿದು ಕೂತಿದ್ದಳು. ಅದೂ ಅವನ ಮೈಗೇ ಎಡಗೈ ಹಚ್ಚಿ, ಅವನ ಹತ್ತಿರವೇ ತಪ್ಪಾಯಿತು ಎನ್ನುತ್ತಾ. ಗಂಟು ಮಾತ್ರ ದಿನದಿನಕ್ಕೆ ಬೆಳೆಯುತ್ತಿತ್ತು. ನೀನು ಹೊರೆಯಲ್ಲ ಬಿಡವ್ವ ಎಂದು ಹೇಳಬೇಕು ಎಂದು ಬಾಯಿ ತೆರೆದೆ. ಆದರೆ ಅವಳ ಮುಖ ನೋಡಿದರೆ ಸುಳ್ಳು ಹೇಳಲಾಗಲಿಲ್ಲ.

"ಹೌದು" ಎಂದೆ. "ಹೊರೆ ಆಗ್ತೀಯ. ಸ್ನಾನ ಮಾಡಿಸಬೇಕು, ಸೀರೆ ಉಡಿಸಬೇಕು, ತಲೆ ಬಾಚಬೇಕು. ರಜೆ ಹಾಕಬೇಕು. ನನ್ನ ಅಡುಗೆ ನಿನಗೆ ಸೇರಲ್ಲ, ದಿನಾ ಜಗಳ ಆಗ್ತೈತೆ. ದೇವರು ಸರಿಯಾಗೇ ಹೇಳ್ಯಾನೆ. ಆಗ್ತೀಯ. ಆಗು."

ಅವ್ವ ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ತುಟಿ ಬಿಗಿಯಾಗಿಯೇ ಇತ್ತು.

"ಸಿಟ್ಟು ಮಾಡ್ತೀಯ" ಎಂದಳು.

"ಮಾಡ್ತೀನಿ."

"ಪಾತ್ರೆ ಕುಕ್ತೀಯ."

"ಕುಕ್ತೀನಿ. ಕುಕ್ತಾನೇ ಮಾಡ್ತೀನಿ ಎಲ್ಲಾನೂ."

ಅವ್ವ ಲಿಂಗವನ್ನು ಎಡ ಅಂಗೈಗೆ ಬದಲಿಸಿಕೊಂಡು, ಬಲಗೈ ಎತ್ತಿ, ನಿಧಾನವಾಗಿ ಮೊದಲಿನಿಂದ ವಿಭೂತಿ ಹಚ್ಚತೊಡಗಿದಳು.

"ಇದು ಮುಗೀಲಿ" ಎಂದಳು. "ಡಾಕ್ಟರಿಗೆ ಫೋನ್ ಹಚ್ಚು."